ಅಧ್ಯಾಪನವೂ ಶಿಶುಪಾಲನೆಯೂ: ಕ್ಯೂರಿ ಮನೆತನದ ಕೆಲವು ವರ್ಷಗಳು (1897–1910)

ವಿದ್ವಾಂಸರ ಜೀವನಚರಿತ್ರೆಗಳಲ್ಲಿ ಅವರ ಗ್ರಂಥಗಳ, ಪದವಿಗಳ, ಪಾರಿತೋಷಕಗಳ ವಿವರ ಹೇರಳವಾಗಿ ದೊರೆಯುತ್ತದೆ. ಅವರು ಪಾಠ ಹೇಳುತ್ತಿದ್ದ ಹೊತ್ತಿನಲ್ಲಿ ಮನೆಯ ಎಳೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಯಾರು ಎಂಬ ಪ್ರಶ್ನೆಗೆ ಮಾತ್ರ ಉತ್ತರ ದೊರೆಯುವುದು ವಿರಳ. ಅದು ಮನೆಯ ಮಾತು, ಇತಿಹಾಸದ ಮಾತಲ್ಲವೆಂದು ಬಿಟ್ಟುಬಿಡುವುದು ವಾಡಿಕೆಯಾಗಿದೆ. ಈ ವಾಡಿಕೆ ಸಾಧುವಲ್ಲವೆಂಬುದು ನಮ್ಮ ಅಭಿಪ್ರಾಯ. ಇದನ್ನು ಮೇರಿ ಕ್ಯೂರಿಯವರ ನಿದರ್ಶನದಿಂದ ಪರಿಶೀಲಿಸಬಹುದು.

ಮೇರಿ ಮತ್ತು ಪಿಯರ್ ಕ್ಯೂರಿಯವರ ವಿವಾಹ ನಡೆದದ್ದು 1895ರ ಜುಲೈ ತಿಂಗಳಲ್ಲಿ. ಮರುವರ್ಷ ಮೇರಿಯವರು ಹೆಣ್ಣುಮಕ್ಕಳ ಪ್ರೌಢಶಾಲೆಗಳಲ್ಲಿ ಬೋಧಿಸುವ ಅರ್ಹತಾಪರೀಕ್ಷೆಯಲ್ಲಿ ಪ್ರಥಮಸ್ಥಾನ ಪಡೆದರು. 1897ರ ಸೆಪ್ಟೆಂಬರ್ 12ರಂದು ಹಿರಿಯ ಮಗಳು ಐರೀನ್ ಜನಿಸಿದಳು. ಅದೇ ತಿಂಗಳಲ್ಲಿ ಪಿಯರ್‌ರವರ ತಾಯಿ ತೀರಿಕೊಂಡರು. ಹೀಗೆ ಒಂಟಿಯಾದ ಮಾವನವರು, ವೃತ್ತಿಯಿಂದ ವೈದ್ಯರಾಗಿದ್ದ ಯುಜೀನ್ ಕ್ಯೂರಿಯವರು, ಮಗ-ಸೊಸೆಯರೊಡನೆ ವಾಸಿಸತೊಡಗಿದರು. ಮರುವರ್ಷವೇ, ಎಂದರೆ 1898ರಲ್ಲಿ, ಪೊಲೋನಿಯಂ ಮತ್ತು ರೇಡಿಯಂ ಧಾತುಗಳ ಶೋಧನೆ ಪ್ರಕಟವಾಯಿತು. ತೊಟ್ಟಿಲಿನಲ್ಲಿ ವರ್ಷದ ಕೂಸಿದ್ದಾಗ ಈ ಶೋಧನೆ ನಡೆಯಿತೆಂಬುದನ್ನು ಎಲ್ಲರೂ ಹೇಳುತ್ತಾರೆ. ತೊಟ್ಟಿಲ ಬಳಿ ಇದ್ದವರು ಯಾರೆಂಬುದನ್ನು ಹೇಳುವವರು ಕಡಿಮೆ.

ಈ ಮನೆಯ ಬಗೆಗೆ ನಮಗೆ ಅಪರೂಪವಾದ ಆಧಾರವೊಂದು ಉಳಿದಿದೆ. ಮೇರಿಯವರು ಪ್ರಯೋಗಗಳ ಅಂಕಿಗಳನ್ನು ಬರೆದಿಡುತ್ತಿದ್ದ ಶ್ರದ್ಧೆಯಿಂದಲೇ ಮನೆಯ ಖರ್ಚುವೆಚ್ಚವನ್ನೂ ಮಗುವಿನ ಬೆಳವಣಿಗೆಯನ್ನೂ ಪುಸ್ತಕಗಳಲ್ಲಿ ದಾಖಲಿಸುತ್ತಿದ್ದರು. ಮಗುವಿನ ತೂಕ, ಹಲ್ಲು ಮೂಡಿದ ದಿನ, ಕಲಿತ ಹೊಸ ನಡೆನುಡಿ ಎಲ್ಲಕ್ಕೂ ಅಲ್ಲಿ ಸ್ಥಳವಿತ್ತು. ವಿಜ್ಞಾನದ ಇತಿಹಾಸಕಾರರು ಪ್ರಯೋಗಶಾಲೆಯ ಪುಸ್ತಕವನ್ನು ಆಧಾರವೆಂದೂ ಮನೆಯ ಪುಸ್ತಕವನ್ನು ಕೇವಲ ಸ್ವಾರಸ್ಯವೆಂದೂ ಎಣಿಸಿದರೆ ಅದು ಅರ್ಧ ಇತಿಹಾಸವಾದೀತು.

ಮಗುವಿನ ಪೋಷಣೆಗೂ ದಾದಿಯ ಸಂಬಳಕ್ಕೂ ಪಿಯರ್‌ರವರ ವರಮಾನ ಸಾಲದೆ ಬಂದಾಗ, 1900ರಲ್ಲಿ ಇಬ್ಬರೂ ಹೆಚ್ಚಿನ ಬೋಧನೆಯನ್ನು ವಹಿಸಿಕೊಂಡರು. ಪಿಯರ್‌ರವರು ತಮ್ಮ ಹಳೆಯ ಹುದ್ದೆಯ ಜೊತೆಗೆ ವೈದ್ಯಕೀಯಕ್ಕೆ ಹೋಗಲಿದ್ದ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರದ ಪಾಠ ಹೇಳತೊಡಗಿದರು. ಮೇರಿಯವರು ಪ್ಯಾರಿಸಿನ ಹೊರವಲಯದ ಸೆವ್ರ್ ಎಂಬಲ್ಲಿ, ಹೆಣ್ಣುಮಕ್ಕಳ ಶಾಲೆಗಳಿಗೆ ಅಧ್ಯಾಪಿಕೆಯರನ್ನು ಸಿದ್ಧಗೊಳಿಸುವ ಉನ್ನತ ವಿದ್ಯಾಲಯದಲ್ಲಿ ಉಪನ್ಯಾಸಕಿಯಾದರು. ಅಲ್ಲಿ ಪುಸ್ತಕಪಾಠಕ್ಕೆ ತೃಪ್ತರಾಗದೆ ಪ್ರಯೋಗಗಳ ಮೂಲಕ ಕಲಿಸುವ ಕ್ರಮವನ್ನು ಬಳಕೆಗೆ ತಂದರು. ಉತ್ತಮ ಅಧ್ಯಾಪನಕ್ಕೆ ಗಡಿಯಾರ ತೋರಿಸುವುದಕ್ಕಿಂತ ಹೆಚ್ಚಿನ ಹೊತ್ತು ಬೇಕೆಂಬುದು ವೃತ್ತಿಯಲ್ಲಿರುವವರೆಲ್ಲರೂ ಬಲ್ಲ ಸಂಗತಿಯಷ್ಟೆ. ಇದೇ ಅವಧಿಯಲ್ಲಿ ಆಕೆ ಡಾಕ್ಟರೇಟ್ ಪ್ರಬಂಧವನ್ನು ಸಿದ್ಧಪಡಿಸಿ 1903ರ ಜೂನ್‌ನಲ್ಲಿ ಪದವಿ ಪಡೆದರು.

ಈ ಭಾರ ಎಷ್ಟಿತ್ತೆಂಬುದಕ್ಕೆ ಒಂದು ಘಟನೆ ಸಾಕ್ಷಿಯಾಗಿದೆ. 1903ರ ಡಿಸೆಂಬರ್‌ನಲ್ಲಿ ನೊಬೆಲ್ ಪಾರಿತೋಷಕ ದೊರೆತಾಗ ದಂಪತಿಗಳು ಸ್ಟಾಕ್‌ಹೋಮಿಗೆ ಹೋಗಲಿಲ್ಲ. ವರ್ಷದ ಆ ಹೊತ್ತಿನಲ್ಲಿ ಪಾಠಗಳನ್ನು ಬಿಟ್ಟು ಹೊರಟರೆ ಬೋಧನೆ ಅಸ್ತವ್ಯಸ್ತವಾದೀತೆಂಬುದು ಒಂದು ಕಾರಣ. ಮೇರಿಯವರ ಅನಾರೋಗ್ಯ ಮತ್ತೊಂದು. ಆ ಬೇಸಗೆಯಲ್ಲಿ ಅವರಿಗೆ ಗರ್ಭಪಾತವಾಗಿತ್ತು. ಅವರು ಸ್ವೀಡನ್ನಿಗೆ ಹೋದದ್ದು 1905ರ ಜೂನ್‌ನಲ್ಲಿ. ಅಷ್ಟರಲ್ಲಿ, 1904ರ ಡಿಸೆಂಬರ್‌ನಲ್ಲಿ, ಎರಡನೆಯ ಮಗಳು ಈವ್ ಜನಿಸಿದ್ದಳು.

1906ರ ಏಪ್ರಿಲ್ 19ರಂದು ಪಿಯರ್‌ರವರು ಬೀದಿಯ ಅಪಘಾತದಲ್ಲಿ ಮೃತರಾದರು. ನವೆಂಬರ್ 5ರಂದು ಮೇರಿಯವರು ಸಾರ್ಬೊನ್ನಿನಲ್ಲಿ ಪತಿಯ ಪಾಠವನ್ನು ಮುಂದುವರಿಸಿದರು. ಆ ದಿನ ಐರೀನಳಿಗೆ ಒಂಬತ್ತು ವರ್ಷ, ಈವ್‌ಗೆ ಇನ್ನೂ ಎರಡು ತುಂಬಿರಲಿಲ್ಲ. ಅನಂತರ ಸಂಸಾರ ಸೋ ಎಂಬ ಊರಿಗೆ ನೆಲೆ ಬದಲಿಸಿತು. ತಾಯಿ ರೈಲಿನಲ್ಲಿ ಪ್ಯಾರಿಸಿಗೆ ಓಡಾಡುತ್ತಿದ್ದರು. ಮಕ್ಕಳಿಗೆ ಆಸರೆಯಾಗಿದ್ದವರು ಮಗನನ್ನು ಕಳೆದುಕೊಂಡ ಆ ವೃದ್ಧರೇ.

1907ರ ಸುಮಾರಿಗೆ ಮತ್ತೊಂದು ಪ್ರಯತ್ನ ನಡೆಯಿತು. ಮೇರಿಯವರೂ ಅವರ ಸಹೋದ್ಯೋಗಿಗಳೂ ಕೂಡಿ ತಮ್ಮ ಮಕ್ಕಳಿಗೆ ತಾವೇ ಪಾಠ ಹೇಳುವ ಏರ್ಪಾಡು ಮಾಡಿಕೊಂಡರು. ಜೀನ್ ಪೆರಿನ್ ರಸಾಯನಶಾಸ್ತ್ರವನ್ನೂ ಪಾಲ್ ಲಾಂಜೆವಿನ್ ಗಣಿತವನ್ನೂ ಮೇರಿಯವರು ಭೌತಶಾಸ್ತ್ರವನ್ನೂ ಕಲಿಸಿದರು. ಇದು ಸುಮಾರು ಎರಡು ವರ್ಷ ನಡೆದು ನಿಂತುಹೋಯಿತು. ಮಕ್ಕಳನ್ನು ಸರ್ಕಾರಿ ಪರೀಕ್ಷೆಗಳಿಗೆ ಸಿದ್ಧಗೊಳಿಸಬೇಕಾಗಿತ್ತು. ಅದಕ್ಕಿಂತಲೂ ಮಿಗಿಲಾಗಿ, ತಂದೆತಾಯಿಗಳಿಗೆ ಬಿಡುವೇ ಉಳಿದಿರಲಿಲ್ಲ. ಅಷ್ಟು ಮಂದಿ ಪ್ರತಿಭಾವಂತರು ಕೈಗೂಡಿಸಿದರೂ ದಿನಕ್ಕೆ ಇಪ್ಪತ್ತನಾಲ್ಕು ಗಂಟೆಗಳೇ ಎಂಬುದನ್ನು ಈ ಪ್ರಯತ್ನದ ಅಂತ್ಯ ತೋರಿಸುತ್ತದೆ.

ಯುಜೀನ್ ಕ್ಯೂರಿಯವರು 1910ರ ಫೆಬ್ರವರಿ 25ರಂದು ಕಾಲವಾದರು. ಅದೇ ವರ್ಷ ಮೇರಿಯವರ ವಿಕಿರಣಶೀಲತೆಯನ್ನು ಕುರಿತ ಎರಡು ಸಂಪುಟಗಳ ಮಹಾಗ್ರಂಥ ಹೊರಬಂದಿತು. ಗ್ರಂಥದ ಹೆಸರು ಚರಿತ್ರೆಯಲ್ಲಿ ನಿಂತಿದೆ. ಗ್ರಂಥಕ್ಕೆ ಬಿಡುವು ಒದಗಿಸಿಕೊಟ್ಟವರ ಹೆಸರು ಅಡಿಟಿಪ್ಪಣಿಯಲ್ಲಿಯೂ ಅಪರೂಪ.

ಮೇರಿಯವರ ಧೈರ್ಯವನ್ನು ಕಡಿಮೆಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಅವರ ಬಾಳನ್ನು ಕೇವಲ ಮನೋಬಲದ ಕಥೆಯೆಂದು ಹೇಳಿದರೆ, ಅಂಥ ನೆರವಿಲ್ಲದೆ ಹಿಂದುಳಿದವರಿಗೆ ಮನೋಬಲ ಸಾಲಲಿಲ್ಲವೆಂದು ತೀರ್ಪು ಕೊಟ್ಟಂತಾಗುತ್ತದೆ. ಇನ್ನು ಕೆಲವೆಡೆ ನಿಯಮಗಳೇ ದಾರಿಯನ್ನು ಮುಚ್ಚಿದ್ದವು. ಇಂಗ್ಲೆಂಡಿನ ಅನೇಕ ಸ್ಥಳೀಯ ಶಿಕ್ಷಣಾಧಿಕಾರ ಸಂಸ್ಥೆಗಳು ಮದುವೆಯಾದ ಅಧ್ಯಾಪಿಕೆಯರನ್ನು ಕೆಲಸದಿಂದ ತೆಗೆಯುತ್ತಿದ್ದವು. ಆ ಪದ್ಧತಿಗೆ 1944ರ ಶಿಕ್ಷಣ ಶಾಸನ ಕೊನೆ ಹಾಡಿತು. ಐರ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಅಂಥ ನಿಯಮ 1958ರವರೆಗೂ ಉಳಿದಿತ್ತು.

ನಮ್ಮ ದೇಶದಲ್ಲಿ 1961ರ ಹೆರಿಗೆ ಸೌಲಭ್ಯ ಶಾಸನಕ್ಕೆ 2017ರಲ್ಲಿ ಆದ ತಿದ್ದುಪಡಿ ಇಪ್ಪತ್ತಾರು ವಾರಗಳ ರಜೆಯನ್ನೂ, ಐವತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುವಿಹಾರವನ್ನೂ ವಿಧಿಸಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ನೇರ ಬೋಧನೆಯನ್ನು ಗೊತ್ತುಪಡಿಸಿತು. ಪಾಠದ ಸಿದ್ಧತೆ, ಉತ್ತರಪತ್ರಿಕೆಗಳ ಮೌಲ್ಯಮಾಪನ ಇವು ಆ 16 ಗಂಟೆಗಳ ಹೊರಗಿನವು. ಇವುಗಳಲ್ಲಿ ಬಹುಭಾಗ ಮನೆಗೆ ಬಂದು, ಮಗು ಮಲಗಿದ ಮೇಲೆ ನಡೆಯುವಂಥವು. ಶಾಸನವು ಹೆರಿಗೆಯ ವಾರಗಳನ್ನು ಎಣಿಸಿದೆ. ಅನಂತರದ ವರ್ಷಗಳನ್ನು ಇಂದಿಗೂ ಅಜ್ಜಿಯರೂ ಅಜ್ಜಂದಿರೂ ಹೊರುತ್ತಿದ್ದಾರೆ.

ಆದಕಾರಣ, ಯಾವುದೇ ವಿದ್ಯಾಸಂಸ್ಥೆಯ ಇತಿಹಾಸವನ್ನು ಬರೆಯಹೊರಟ ವಿದ್ಯಾರ್ಥಿಗಳು ಅಧ್ಯಾಪಕರ ಪಟ್ಟಿಯೊಡನೆ ಅವರ ವೇಳಾಪಟ್ಟಿಯನ್ನೂ, ವೇಳಾಪಟ್ಟಿಯೊಡನೆ ಅವರ ಮನೆಗಳನ್ನೂ ವಿಚಾರಿಸಬೇಕೆಂದು ನಾವು ಸೂಚಿಸುತ್ತೇವೆ. ಮನೆಯ ಲೆಕ್ಕದ ಪುಸ್ತಕಗಳು, ಕಾಗದಪತ್ರಗಳು, ಹಿರಿಯರ ನೆನಪುಗಳು ಇದಕ್ಕೆ ಆಧಾರವಾಗಬಲ್ಲವು. ಅವು ನಶಿಸುವ ಮುನ್ನವೇ ಈ ಕಾರ್ಯ ನಡೆಯುವುದು ಒಳ್ಳೆಯದು.