ಗ್ರಹಣೀರೋಗದ ಔಷಧಕಲ್ಪನೆ: ಜೈನ ವೈದ್ಯಗ್ರಂಥಗಳ ದೃಷ್ಟಿ

ಜೈನ ವೈದ್ಯಪರಂಪರೆಯು ತನ್ನ ಮೂಲವನ್ನು ಪ್ರಾಣಾವಾಯಪೂರ್ವದಲ್ಲಿ ಗುರುತಿಸುತ್ತದೆ. ಆ ಪರಂಪರೆಯಲ್ಲಿ ಉಪಲಬ್ಧವಿರುವ ಮುಖ್ಯ ಸಂಸ್ಕೃತ ಕೃತಿ 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ. ಇದು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಮದ್ಯ, ಮಾಂಸ, ಮಧುಗಳನ್ನು ಔಷಧದಲ್ಲಿಯೂ ವರ್ಜಿಸಿರುವುದು ಇದರ ವೈಶಿಷ್ಟ್ಯ. ಸು. 1150ರ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವೂ ಇದೇ ಮಾರ್ಗದ್ದು.

ಈ ನಿಯಮದ ಕಾಠಿಣ್ಯ ಕರುಳಿನ ರೋಗಗಳ ಚಿಕಿತ್ಸೆಯಲ್ಲಿ ಸ್ಪಷ್ಟವಾಗುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯ ಗ್ರಹಣಿಗೂ 19ನೆಯದು ಅತಿಸಾರಕ್ಕೂ ಮೀಸಲಾಗಿವೆ. ಗ್ರಹಣಿಯ ಅಧ್ಯಾಯದಲ್ಲಿ ಮಧೂಕಾಸವ, ದುರಾಲಭಾಸವ, ಮಧ್ವರಿಷ್ಟ ಮೊದಲಾದ ಕಲ್ಪಗಳಿವೆ. ಮೂಲಿಕೆಯ ಸಾರವನ್ನು ಹುಳಿಯಿಸಿ ದೀರ್ಘಕಾಲ ಕೆಡದಂತೆ ಇರಿಸುವ ಉಪಾಯವಿದು. ಆದರೆ ಹುಳಿತ ರಸದಲ್ಲಿ ಜೀವೋತ್ಪತ್ತಿಯಾಗುವುದೆಂಬುದು ಜೈನಾಚಾರ್ಯರ ಸಿದ್ಧಾಂತ. ಜೇನಿನಲ್ಲಿ ಜೀವಹಿಂಸೆ ಪ್ರತ್ಯಕ್ಷವೇ ಇದೆ. ಆದಕಾರಣ ಜೈನ ವೈದ್ಯನಿಗೆ ಕಷಾಯ, ಚೂರ್ಣ, ಘೃತಗಳೇ ಉಳಿದ ದಾರಿ. ಕಷಾಯಕ್ಕೆ ಶಾರ್ಙ್ಗಧರಸಂಹಿತೆ ಹೇಳುವ ಸಾಮಾನ್ಯ ಪ್ರಮಾಣವೆಂದರೆ, ದ್ರವ್ಯದ 16ರಷ್ಟು ನೀರನ್ನು ಎಂಟನೆಯ ಒಂದು ಭಾಗ ಉಳಿಯುವಂತೆ ಕುದಿಸುವುದು. ಅದನ್ನು ಆಗಿಂದಾಗ ಸಿದ್ಧಪಡಿಸಬೇಕು. ವ್ರತರಕ್ಷಣೆಯ ಹೊಣೆ ಹೀಗೆ ವೈದ್ಯನ ನಿತ್ಯಶ್ರಮವಾಯಿತು.

ಗ್ರಹಣಿಯನ್ನು ಇಂದಿನ ಕರುಳಿನ ಉರಿಯೂತದ ರೋಗಗಳೊಡನೆ ಸಮೀಕರಿಸುವುದು ಮಾತ್ರ ಯುಕ್ತವಲ್ಲ. ಗ್ರಹಣಿ ಜಠರಾಗ್ನಿಯ ದೋಷವನ್ನು ಆಧರಿಸಿದ ಪರಿಕಲ್ಪನೆ. ಅಲ್ಸರೇಟಿವ್ ಕೊಲೈಟಿಸ್ ಎಂಬ ರೋಗದ ವಿವರಣೆ 1859ರಿಂದ ಮೊದಲಾಗುತ್ತದೆ. ಕ್ರೋನ್ ಮೊದಲಾದವರು ತಮ್ಮ ಪ್ರಸಿದ್ಧ ವರದಿಯನ್ನು ಪ್ರಕಟಿಸಿದ್ದು 1932ರಲ್ಲಿ. ಲಕ್ಷಣಗಳಲ್ಲಿ ಕೆಲವು ಹೋಲಿಕೆಗಳಿದ್ದರೂ ಹಳೆಯ ಯೋಗವೊಂದನ್ನು ಈ ರೋಗಗಳಿಗೆ ಸಿದ್ಧೌಷಧವೆಂದು ಸಾರಿದರೆ ಗ್ರಂಥಕ್ಕೂ ರೋಗಿಗೂ ಅನ್ಯಾಯವಾಗುತ್ತದೆ.

ಮೂಲಿಕೆಯ ಸಾರವನ್ನು ಯಾವುದರಲ್ಲಿ ತೆಗೆಯಬೇಕೆಂಬ ಪ್ರಶ್ನೆ ಇಂದಿಗೂ ಜೀವಂತವಾಗಿದೆ. 2013ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ನೆಲಬೇವಿನ ಸಾರವನ್ನು ಅಲ್ಸರೇಟಿವ್ ಕೊಲೈಟಿಸ್‌ನ 224 ರೋಗಿಗಳಲ್ಲಿ 8 ವಾರ ಪರಿಶೀಲಿಸಲಾಯಿತು. ದಿನಕ್ಕೆ 1800 ಮಿಲಿಗ್ರಾಂ ಪಡೆದವರಲ್ಲಿ ಶೇ. 60 ಮಂದಿಗೂ ಹುಸಿಮದ್ದು ಪಡೆದವರಲ್ಲಿ ಶೇ. 40 ಮಂದಿಗೂ ಗುಣ ಕಂಡಿತು; ರೋಗದ ಪೂರ್ಣ ಉಪಶಮನದಲ್ಲಿ ಮಾತ್ರ ನಿರ್ಣಾಯಕ ವ್ಯತ್ಯಾಸ ತೋರಲಿಲ್ಲ. ಆ ಸಾರವನ್ನು ತೆಗೆದದ್ದು ಮದ್ಯಸಾರ ಬೆರೆತ ನೀರಿನಲ್ಲಿ. ನೀರಿನ ಕಷಾಯದಲ್ಲಿಯೂ ಇದೇ ಫಲ ದೊರೆಯುವುದೆಂದು ಇದರಿಂದ ಊಹಿಸಲಾಗದು.

ಆದುದರಿಂದ ವೈದ್ಯಗ್ರಂಥಗಳ ಹಸ್ತಪ್ರತಿಗಳನ್ನು ಪರಿಶೋಧಿಸುವವರು ಮೂಲಿಕೆಗಳ ಹೆಸರುಗಳನ್ನಷ್ಟೇ ಪಟ್ಟಿಮಾಡಿದರೆ ಸಾಲದು. ದ್ರವ, ಅನುಪಾನ, ಪಾಕಕ್ರಮಗಳ ಪಾಠಾಂತರಗಳನ್ನೂ ತಪ್ಪದೆ ದಾಖಲಿಸಬೇಕು. ‘ಮಧು’ ಎಂಬ ಒಂದು ಪದ ಸೇರಿದರೆ ಅಥವಾ ಬಿಟ್ಟುಹೋದರೆ ಯೋಗದ ಸಂಪ್ರದಾಯವೇ ಬದಲಾಗುತ್ತದೆ. ಜೈನ ವೈದ್ಯದ ಅಹಿಂಸೆ ಉಪದೇಶದಲ್ಲಿರುವಷ್ಟೇ ಇಂತಹ ಚಿಕ್ಕ ಪದಗಳಲ್ಲಿಯೂ ಇದೆ.