ಬೈಬಲ್ಲಿನ ಹಾಳೆಯಿಂದ ಬಂದರಿನ ದಫ್ತರಕ್ಕೆ

ಇತಿಹಾಸವೆಂದರೆ ರಾಜರು, ಯುದ್ಧಗಳು, ಇಸವಿಗಳು ಎಂದುಕೊಂಡೇ ನಮ್ಮಲ್ಲಿ ಬಹಳ ಮಂದಿ ಹತ್ತನೇ ತರಗತಿ ಮುಗಿಸಿದೆವು. ಆದರೆ ಒಬ್ಬ ಸಾಮಾನ್ಯ ಬಡಗಿಯ ಇತಿಹಾಸವನ್ನೂ ದಾಖಲೆಗಳಿಂದ ಕಟ್ಟಬಹುದು. ಬ್ರಿಟನ್ನಿನ ಪಶ್ಚಿಮದಲ್ಲಿರುವ ವೇಲ್ಸ್ ನಾಡಿನ ಹಡಗು ಕಟ್ಟುವ ಮನೆತನಗಳು ಇದಕ್ಕೆ ಒಳ್ಳೆಯ ಉದಾಹರಣೆ.

ವೇಲ್ಸ್‌ನ ಪೆಂಬ್ರೋಕ್ ಡಾಕ್‌ನಲ್ಲಿ 1814ರಿಂದ 1926ರವರೆಗೆ ಸರ್ಕಾರವೇ ಯುದ್ಧನೌಕೆಗಳನ್ನು ಕಟ್ಟಿಸುತ್ತಿತ್ತು. ಉತ್ತರದ ಪೋರ್ತ್‌ಮಾಡಾಗ್‌ನಲ್ಲಿ ಊರಿನ ಬಡಗಿಗಳೇ ಮರದ ಹಾಯಿಹಡಗು ಕಟ್ಟುತ್ತಿದ್ದರು. ಅವುಗಳ ಮುಖ್ಯ ಸರಕು ಸ್ಲೇಟು ಕಲ್ಲು. ನಾವು ಬಳಪ ಹಿಡಿದು ಅಕ್ಷರ ತಿದ್ದಿದ ಸ್ಲೇಟಿನ ಕಲ್ಲಿನಂಥದ್ದೇ. ಅಲ್ಲಿ ಅದನ್ನು ಮನೆಗಳಿಗೆ ಹೊದಿಸುತ್ತಿದ್ದರು. 1836ರಲ್ಲಿ ಗಣಿಯಿಂದ ಬಂದರಿಗೆ ರೈಲು ಹಳಿ ಬಂತು. 1842ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರ ಬೆಂಕಿಗೆ ತುತ್ತಾದಾಗ ಹೊಸ ಮಾಡುಗಳಿಗೆ ಸ್ಲೇಟಿನ ಬೇಡಿಕೆ ಏರಿತು. ಉಗಿಹಡಗು, ರೈಲುಗಳ ಪೈಪೋಟಿಯಲ್ಲಿ ಈ ಕಸುಬು ಸೊರಗಿತು. 1913ರ 'ಗೆಸ್ಟಿಯಾನಾ' ಅಲ್ಲಿ ಕಟ್ಟಿದ ಕೊನೆಯ ಹಡಗು. ಮೊದಲ ಯಾನದಲ್ಲೇ ಅದು ನಾಶವಾಯಿತು.

ಇಂಥ ಬಡಗಿಯ ಮರಿಮಕ್ಕಳು ಹಿರಿಯರನ್ನು ಹುಡುಕಹೊರಟರೆ ಮೊದಲ ತೊಡಕು ಹೆಸರಿನದು. ಹಿಂದೆ ವೇಲ್ಸ್‌ನಲ್ಲಿ ಮನೆತನದ ಹೆಸರೇ ಇರಲಿಲ್ಲ. ತಂದೆಯ ಹೆಸರೇ ಗುರುತು. 'ಅಪ್' ಎಂದರೆ ಮಗ. 'ಅಪ್ ಹೈವೆಲ್' ಮುಂದೆ ಪೊವೆಲ್ ಆಯಿತು, 'ಅಪ್ ರೈಸ್' ಪ್ರೈಸ್ ಆಯಿತು. ತಂದೆಯ ಹೆಸರನ್ನು ಇನಿಷಿಯಲ್ ಮಾಡಿಕೊಳ್ಳುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೀಗಾಗಿ ಒಂದೇ ಊರಿನಲ್ಲಿ ಹಲವು ಜಾನ್ ಜೋನ್ಸ್‌ಗಳು! ನಮ್ಮವನು ಯಾರು?

ಹುಡುಕಾಟ ಮನೆಯಿಂದಲೇ ಆರಂಭವಾಗುತ್ತದೆ. ಮನೆಯ ಬೈಬಲ್ಲಿನ ಖಾಲಿ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ರೂಢಿ ಅಲ್ಲಿತ್ತು. 1837ರಿಂದ ಸರ್ಕಾರಿ ನೋಂದಣಿ ಬಂತು. ಅದರ ಮದುವೆ ಪತ್ರದಲ್ಲಿ ವಧೂವರರ ತಂದೆಯರ ಹೆಸರು, ಕಸುಬು ಎರಡೂ ಇರುತ್ತವೆ. 'ಹಡಗು ಬಡಗಿ' ಎಂಬ ಒಂದು ಪದ ಸಿಕ್ಕಿದರೆ ಉಳಿದ ಜೋನ್ಸ್‌ಗಳು ಬಹುಪಾಲು ಪಟ್ಟಿಯಿಂದ ಹೊರಗೆ. ಇನ್ನು ಜನಗಣತಿ. 1841ರದ್ದರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 39 ಇದ್ದವನು 35 ಆಗುತ್ತಾನೆ. 1851ರದ್ದರಲ್ಲಿ ಹುಟ್ಟಿದ ಊರೂ ಇರುವುದರಿಂದ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಡೇಟಾಬೇಸ್‌ಗಳೊಂದಿಗೆ ದಿನ ಕಳೆಯುವ ನನಗೆ ಇದು ಪರಿಚಿತ ಕೆಲಸ: ಒಂದು ದಾಖಲೆಯನ್ನು ನಂಬಬೇಡ, ಎರಡು ಹೊಂದಿದರೆ ಮುಂದೆ ಹೋಗು.

ಕೊನೆಗೆ ಬಂದರಿನ ದಫ್ತರ. ಹಡಗು ನೋಂದಾಯಿಸುವಾಗ ಕಟ್ಟಿದ ಊರು, ಕಟ್ಟಿದವನ ಹೆಸರು, ಅಳತೆ, ಮಾಲೀಕರನ್ನು ಬರೆಯುತ್ತಿದ್ದರು. ಹಡಗಿನ ಒಡೆತನ 64 ಪಾಲುಗಳಾಗಿ ಹಂಚಿರುತ್ತಿತ್ತು. ರೈತರು, ಅಂಗಡಿಯವರು, ವಿಧವೆಯರು ಕೂಡ ಒಂದೆರಡು ಪಾಲು ಕೊಳ್ಳುತ್ತಿದ್ದರು. ಹಡಗು ಮುಳುಗಿದರೆ ನಷ್ಟ ಊರಿಗೇ. ಅಬೆರಿಸ್ಟ್‌ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ ಆ ಬಂದರಿನ ಹಡಗುಗಳ ಸಿಬ್ಬಂದಿ ಪಟ್ಟಿಗಳನ್ನೂ ಕಾಪಾಡಿದೆ.

ಬರೆದವರಿಗೆ ಅದು ಬರೀ ಗುಮಾಸ್ತಿಕೆ. ಆದರೆ ಇಂದು ಆ ಬಡಗಿ ಉಳಿದಿರುವುದು ಆ ಸಾಲಿನಲ್ಲಿ ಮಾತ್ರ. ನಮ್ಮ ಶಾಲೆಯ ಐವತ್ತು ವರ್ಷಗಳ ದಾಖಲಾತಿ ರಿಜಿಸ್ಟರೂ ಅಂಥದ್ದೇ: ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ. ಎಷ್ಟೋ ಮನೆಗಳಲ್ಲಿ ಮೊದಲು ಶಾಲೆ ಕಂಡವರ ಹೆಸರು ಬರಹದಲ್ಲಿ ಮೂಡಿದ್ದು ಇಂಥ ಪುಸ್ತಕದಲ್ಲೇ. ಗೆದ್ದಲು ಹಿಡಿಯುವ ಮೊದಲು ಅದನ್ನು ಸ್ಕ್ಯಾನ್ ಮಾಡಿಡೋಣ. ಆ ಕೆಲಸಕ್ಕೆ ಹಳೆಯ ವಿದ್ಯಾರ್ಥಿಗಳಾದ ನಾವು ಕೈಜೋಡಿಸಿದರೆ ಸುವರ್ಣ ಮಹೋತ್ಸವಕ್ಕೆ ಅದಕ್ಕಿಂತ ಒಳ್ಳೆಯ ಕಾಣಿಕೆ ಇಲ್ಲ.