ಹೊಸೂರು ಸೀಮೆಯ ಏಳಿಗೆಯ ಹಾದಿ

ಒಂದು ಸೀಮೆ ಏಳಿಗೆ ಹೊಂದಿ ಅದರ ನೆರೆಯ ಸೀಮೆ ಹಿಂದುಳಿಯುವುದಕ್ಕೆ ನೆಲದ ಸಾರವೇ ಕಾರಣವೆಂಬ ಮಾತು ರೂಢಿಯಲ್ಲಿದೆ. ನಮ್ಮ ಹೊಸೂರು ಸೀಮೆಯ ಇತಿಹಾಸ ಈ ಮಾತನ್ನು ಪುಷ್ಟೀಕರಿಸುವುದಿಲ್ಲ.

ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲು 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕಂಪನಿಯ ವಶವಾಯಿತು. ಘಟ್ಟದ ಮೇಲಿನ ಹೊಸೂರು 1799ರಲ್ಲಿ ಟಿಪ್ಪುವಿನ ಪತನಾನಂತರ ಅದರ ಪಾಲಾಯಿತು. ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೊ ಅವರು ರೈತವಾರಿ ಪದ್ಧತಿಗೆ ತಳಹದಿ ಹಾಕಿದರು. ಕಂದಾಯವು ನೇರವಾಗಿ ರೈತನ ಹೆಸರಿನಲ್ಲಿಯೇ ನಿಗದಿಯಾಯಿತು. ಆದರೂ ಮಳೆಯನ್ನೇ ನಂಬಿದ ರಾಗಿ, ಹುರುಳಿಗಳ ಬೇಸಾಯದಿಂದ ಬಡತನ ನೀಗಲಿಲ್ಲ. ಸೇಲಂ ಜಿಲ್ಲೆಯ ಅಂಚಿನಲ್ಲಿದ್ದ ಹೊಸೂರು ಮದರಾಸಿನಿಂದ ಸುಮಾರು 300 ಕಿಲೋಮೀಟರ್ ದೂರದ ತಾಲ್ಲೂಕಾಗಿತ್ತು. ಬೆಂಗಳೂರಿಗಾದರೋ ಸುಮಾರು 40 ಕಿಲೋಮೀಟರ್ ಮಾತ್ರ.

ಈ ಸಾಮೀಪ್ಯವು ಬಹುಕಾಲ ಫಲ ಕೊಡಲಿಲ್ಲ. 1971ರಲ್ಲಿ ತಮಿಳುನಾಡು ಸರ್ಕಾರ ಸಿಪ್‌ಕಾಟ್ ಸಂಸ್ಥೆಯನ್ನು ಸ್ಥಾಪಿಸಿ, ಆ ದಶಕದಲ್ಲಿಯೇ ಹೊಸೂರಿನಲ್ಲಿ ಕೈಗಾರಿಕಾ ನಿವೇಶನಗಳನ್ನು ಸಿದ್ಧಗೊಳಿಸಿತು. ಭೂಮಿ, ವಿದ್ಯುತ್ತು, ರಿಯಾಯಿತಿಗಳು ಒಂದು ರಾಜ್ಯದಿಂದ, ಎಚ್.ಎಂ.ಟಿ.ಯಂತಹ ಉದ್ಯಮಗಳು ಬೆಳೆಸಿದ ಯಂತ್ರಕೌಶಲ ಮತ್ತು ಮಾರುಕಟ್ಟೆ ಇನ್ನೊಂದು ರಾಜ್ಯದಿಂದ. ಇವೆರಡೂ ಕೂಡಿದಾಗ 1980ರ ದಶಕದಲ್ಲಿ ಟಿ.ವಿ.ಎಸ್., ಅಶೋಕ್ ಲೇಲ್ಯಾಂಡ್, ಟೈಟನ್ ಕಾರ್ಖಾನೆಗಳು ಇಲ್ಲಿ ನೆಲೆಗೊಂಡವು.

ಅದೇ ಬಗೆಯ ಕೆಂಪು ನೆಲವುಳ್ಳ ಸುತ್ತಲಿನ ಊರುಗಳ ಗತಿ ಒಂದೇ ತೆರನಾಗಲಿಲ್ಲ. ತಳಿಯ ಸುತ್ತಣ ರೈತರು ತರಕಾರಿ, ಗುಲಾಬಿಗಳನ್ನು ಬೆಂಗಳೂರಿಗೆ ಸಾಗಿಸಿ ಚೇತರಿಸಿಕೊಂಡರು. ಕೃಷ್ಣಗಿರಿಗೆ ಅಣೆಕಟ್ಟೆಯೂ ಮಾವೂ ಇದ್ದರೂ, ಫಸಲು ಹೆಚ್ಚಿದ ವರ್ಷ ಬೆಲೆ ಕುಸಿದು ಬೆಳೆಗಾರನೇ ಸೊರಗುತ್ತಾನೆ. ಅಂಚೆಟ್ಟಿಯ ಕಾಡಂಚಿನ ಹಟ್ಟಿಗಳಿಗೆ ಕಾರ್ಖಾನೆಯೂ ದೂರ, ಸಂತೆಯೂ ದೂರ.

ಆದುದರಿಂದ ಏಳಿಗೆಯು ನೆಲದಲ್ಲಿ ಹುದುಗಿದ ನಿಧಿಯಲ್ಲ. ದಾರಿ, ವಿದ್ಯುತ್ತು, ಮಾರುಕಟ್ಟೆ, ಸರ್ಕಾರದ ಸಂಕಲ್ಪ ಇವು ಒಂದೆಡೆ ಸೇರಿದಲ್ಲಿ ಅದು ತಲೆದೋರುತ್ತದೆ. ಅದರಲ್ಲಿ ಯಾರಿಗೆಷ್ಟು ಪಾಲೆಂಬುದನ್ನು ಶಾಲೆ ನಿರ್ಧರಿಸುತ್ತದೆ. 2006ರ ಕಾನೂನಿನಿಂದ ತಮಿಳು ಕಲಿಕೆ ಕಡ್ಡಾಯವಾದ ಈ ನಾಡಿನಲ್ಲಿ ನಮ್ಮ ಕನ್ನಡ ಶಾಲೆಗಳ ಮುಂದಿರುವ ಪ್ರಶ್ನೆಯೂ ಇದೇ. ಮನೆಮಾತಿನ ಅಕ್ಷರವನ್ನು ಕಳೆದುಕೊಳ್ಳದೆ, ತಮಿಳು, ಇಂಗ್ಲಿಷುಗಳ ಜೊತೆಗೆ ಕೈಕಸುಬನ್ನೂ ಕಲಿತ ಮಕ್ಕಳು ಮಾತ್ರವೇ ಕಾರ್ಖಾನೆಯ ಬಾಗಿಲಿನಲ್ಲಿ ದಿನಗೂಲಿಗೆ ಕಾಯದೆ ಒಳಗೆ ಕುಶಲಕರ್ಮಿಗಳಾಗಬಲ್ಲರು. ಸಂಘಗಳ ಮುಂದಿನ ದುಡಿಮೆಗೆ ಇದಕ್ಕಿಂತ ಹಿರಿದಾದ ಗುರಿ ಬೇರಿಲ್ಲ.